ಪ್ರತಿ ಚೌಕದ ಮೂಲೆಯಲ್ಲೊಂದು ಹೆಸರು

ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಬಿಸಾಡುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಪನಂಬಿಕೆ. ಬಿಸಿ ಮಿರ್ಚಿ ಬಾಯಿಗೆ, ಅದರ ಕಾಗದ ಕಣ್ಣಿಗೆ ಎಂಬ ದ್ವಿವಿಧ ಭೋಜನಕ್ರಮವನ್ನು ನರೇಗಲ್ಲಿನ ಬಸ್ ನಿಲ್ದಾಣದಲ್ಲಿ ಎಷ್ಟೋ ವರ್ಷಗಳಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದವನು ನಾನು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆಂದು ವೇಳಾಪಟ್ಟಿ ಹೇಳುತ್ತದೆ. ಇಪ್ಪತ್ತು ನಿಮಿಷವೆಂದು ಚಾಲಕರ ಚಹಾ ಹೇಳುತ್ತದೆ. ಈ ಎರಡರ ನಡುವಿನ ಅವಕಾಶದಲ್ಲಿ ನಾನು ಓದಿರುವ ಸಾಹಿತ್ಯ ಯಾವ ಗ್ರಂಥಾಲಯದಲ್ಲೂ ಸಿಗುವಂಥದಲ್ಲ: ಯಾರದೋ ವಿಜ್ಞಾನದ ಉತ್ತರಪತ್ರಿಕೆಯ ಅರ್ಧ ಕಪ್ಪೆ, ಲಗ್ನಪತ್ರಿಕೆಯೊಂದರಲ್ಲಿ ಎಣ್ಣೆಯಲ್ಲಿ ನೆನೆದು ಪಾರದರ್ಶಕರಾದ ವರನ ಕಡೆಯ ಸೋದರಮಾವಂದಿರು, ತಲೆಬರಹ ಕಳೆದುಕೊಂಡರೂ ಸಿಟ್ಟು ಕಳೆದುಕೊಳ್ಳದ ಸಂಪಾದಕೀಯ. ರೋಣದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಇಂಥ ಓದು ಶೋಭಿಸುವುದಿಲ್ಲವೆಂದು ಮನೆಯವಳ ಅಭಿಪ್ರಾಯ. ಆದರೂ ಓದುತ್ತೇನೆ.

ಈ ಚಟಕ್ಕೊಂದು ಪೂರ್ವಾಶ್ರಮವಿದೆ. ನಾನು ಹುಟ್ಟಿದ್ದು ಲಕ್ಕಲಕಟ್ಟಿಯಲ್ಲಿ, ಹೈಸ್ಕೂಲಿಗೆ ಹೋದದ್ದು ಗಜೇಂದ್ರಗಡಕ್ಕೆ. ಅಲ್ಲಿ ಸಾಲಿಯಿಂದ ಪ್ಯಾಟಿಗೆ ಇಳಿಯುವ ದಾರಿಯಲ್ಲೊಂದು ರದ್ದಿ ಅಂಗಡಿಯಿತ್ತು. ಅಲ್ಲಿಗೆ ಬರುತ್ತಿದ್ದ ಚಿತ್ರಕಥೆಯ ಪುಸ್ತಕಗಳ ದಪ್ಪ ಹೊದಿಕೆಗೆ ಬೇರೆ ಗಿರಾಕಿಗಳಿದ್ದುದರಿಂದ, ನಮ್ಮ ಪಾಲಿಗೆ ದಕ್ಕುತ್ತಿದ್ದವು ಮೊದಲಿಲ್ಲದ, ಕೊನೆಯೂ ಇಲ್ಲದ ನಡುಪುಟಗಳು ಮಾತ್ರ. ಹೀಗಾಗಿ ನನ್ನ ಬಾಲ್ಯದ ಮಹಾವೀರರೆಲ್ಲ ಅನಾದಿ, ಅನಂತರು. ಯಾರ ಮಗ, ಎಲ್ಲಿಯವನು, ಗೆದ್ದನೋ ಸೋತನೋ ಒಂದೂ ಗೊತ್ತಿಲ್ಲ. ಎರಡು ಮಹಡಿಗಳ ನಡುವೆ ಗಾಳಿಯಲ್ಲಿ ಜಿಗಿದವನು ಇಂದಿಗೂ ನನ್ನ ಮನಸ್ಸಿನಲ್ಲಿ ಗಾಳಿಯಲ್ಲೇ ಇದ್ದಾನೆ. ಆ ಪುಟಗಳನ್ನು ನನ್ನೊಂದಿಗೆ ಓದುತ್ತಿದ್ದವನು ಸಹಪಾಠಿ ಮೌಲಾಸಾಬ. ಕೊನೆಯನ್ನು ನಾನು ಬಾಯಲ್ಲಿ ಕಟ್ಟಿ ಹೇಳುತ್ತಿದ್ದೆ, ಅವನು ಇದ್ದಿಲಿನಿಂದ ಅಂಗಡಿಯ ಹಿಂಗೋಡೆಯ ಮೇಲೆ ಬರೆಯುತ್ತಿದ್ದ. ಒಮ್ಮೆ ಒಂದು ಕುದುರೆಯ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, ಇದನ್ನು ತೆಗೆದವನ ಹೆಸರೆಲ್ಲಿದೆ ಎಂದು ಕೇಳಿದ. ಯಾಕೆಂದೆ. ಕುದುರೆಗೆ ಎತ್ತಿನ ಕಾಲು ಹಚ್ಚಿದ್ದಾನೆ, ಸಿಕ್ಕರೆ ಕೇಳಬೇಕು ಎಂದ. ಹೊದಿಕೆ ಹರಿದಿದ್ದರಿಂದ ಕುದುರೆಯ ಕರ್ತೃ ಪಾರಾದ.

ಮೌಲಾ ಹತ್ತನೆಯ ಇಯತ್ತೆ ಮುಗಿಸಿ ತಂದೆಯ ಬ್ರಷ್ಷು ಹಿಡಿದ. ನಾನು ಸೀಮೆಸುಣ್ಣ ಹಿಡಿದೆ. ಮೂವತ್ತು ವರ್ಷ ಅವನು ಬರೆದದ್ದನ್ನು ಮೂರು ತಾಲೂಕಿನ ಜನ ಓದಿದರು, ನಾನು ಬರೆದದ್ದನ್ನು ಮರುದಿನದ ಡಸ್ಟರು ಓದಿತು. ರೋಣದ ಕಿರಾಣಿ, ನರಗುಂದದ ಗೊಬ್ಬರದಂಗಡಿ, ಸವಡಿಯ ಹಿಟ್ಟಿನ ಗಿರಣಿ, ಎಲ್ಲಿ ನೋಡಿದರೂ ನೆರಳುಳ್ಳ ದಪ್ಪಕ್ಷರ, ಬಲಮೂಲೆಯಲ್ಲಿ ಪುಟ್ಟದಾಗಿ 'ಮೌಲಾ ಪೇಂಟರ್'. ಆಮೇಲೆ ಫ್ಲೆಕ್ಸು ಬಂತು. ಒಂದು ತಾಸಿನಲ್ಲಿ ಮುದ್ರಣವಾಗಿ, ಒಂದು ಬೇಸಿಗೆಯಲ್ಲಿ ಬಣ್ಣ ಬಿಟ್ಟು, ಮರುವರ್ಷ ಯಾರದೋ ಬಣವೆಯ ಮೇಲೆ ಹೊದಿಕೆಯಾಗುವ ಆ ವಸ್ತು ಮೌಲಾನ ಏಣಿಯನ್ನು ಮೂಲೆಗೆ ನಿಲ್ಲಿಸಿತು.

ಇನ್ನು ಒಂದು ಗೋಡೆಯ ವಿಷಯ. ಧಾರವಾಡದಲ್ಲಿ ಓದುವ ನನ್ನ ಮಗಳು ದೀಪಾವಳಿಗೆ ಬರುವಾಗ ಚೀಲದ ತುಂಬ ಪರದೇಶದ ಚಿತ್ರಕಥೆ ತಂದಿದ್ದಳು. ಅದರೊಳಗಿನ ವೀರರು ವಿಚಿತ್ರ ಸ್ವಭಾವದವರು. ಒಬ್ಬ ಹೊಡೆದಾಟದ ನಟ್ಟನಡುವೆ ನಮ್ಮತ್ತ ತಿರುಗಿ, ಇನ್ನು ನಾಲ್ಕೇ ಪುಟ ಉಳಿದಿವೆ, ಇವನನ್ನು ಲಗುಬಗೆಯಿಂದ ಮುಗಿಸಬೇಕು ಎನ್ನುತ್ತಾನೆ. ಇನ್ನೊಬ್ಬಳು ಚೌಕದ ಗೆರೆಯನ್ನು ಪರದೆಯಂತೆ ಸರಿಸಿ ಪಕ್ಕದ ಪುಟಕ್ಕೆ ಹೋಗಿ ಮುಂದೇನಾಗುವುದೆಂದು ಇಣುಕಿ ಬರುತ್ತಾಳೆ. ಮತ್ತೊಬ್ಬ ತನಗೆ ಬಿಗಿಯಾದ ಚಡ್ಡಿ ತೊಡಿಸಿದ ಚಿತ್ರಕಾರನ ವಿರುದ್ಧ ಓದುಗರಿಗೇ ತಕರಾರು ಸಲ್ಲಿಸುತ್ತಾನೆ. ಇದಕ್ಕೆ ನಾಲ್ಕನೆಯ ಗೋಡೆಯನ್ನು ಒಡೆಯುವುದು ಎನ್ನುತ್ತಾರೆ ಎಂದು ಮಗಳು ವಿವರಿಸಿದಳು: ಕತೆಗೆ ಮೂರು ಗೋಡೆ, ನಾಲ್ಕನೆಯದು ಅವರಿಗೂ ನಮಗೂ ನಡುವಿನ ಕಾಣದ ಗೋಡೆ. ಅಡುಗೆಮನೆಯಿಂದಲೇ ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ ಗಿರಿಜಾ, ನಮ್ಮ ಹಿತ್ತಲದ ನಾಲ್ಕನೆಯ ಗೋಡೆ ಮಳೆಗೆ ಬಿದ್ದು ವರ್ಷವಾಯಿತು, ಯಾರೂ ಒಡೆಯುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ, ಕಟ್ಟುವವರು ಬೇಕು ಎಂದಳು. ನಿಜ. ಆ ಬಯಲಿನ ಮೂಲಕ ನೆರೆಮನೆಯ ಎಮ್ಮೆಯೊಂದು ನಾನು ದಾಡಿ ಮಾಡಿಕೊಳ್ಳುವುದನ್ನು ದಿನವೂ ಏಕಾಗ್ರತೆಯಿಂದ ವೀಕ್ಷಿಸುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ನನ್ನನ್ನು ನೋಡಿದ ಪ್ರೇಕ್ಷಕರು ಇನ್ನೊಬ್ಬರಿಲ್ಲ.

ಆದರೆ ಮಗಳು ಇದನ್ನು ಹೊಸ ಶೋಧವೆಂಬಂತೆ ಹೇಳಿದ್ದು ನನ್ನ ಅಭಿಮಾನಕ್ಕೆ ಪೆಟ್ಟಾಯಿತು. ಸವಡಿಯಲ್ಲಿ ನನ್ನ ಸೋದರಮಾವ ಊರ ನಾಟಕಗಳ ಖಾಯಂ ರಾಜ. ಒಮ್ಮೆ ಶತ್ರುವಿನ ಖಡ್ಗ ತಾಗಿ, ನೆಲಕ್ಕುರುಳಿ, ಮಗನ ತಲೆಯ ಮೇಲೆ ಕೈಯಿಟ್ಟು ಕೊನೆಯ ಮಾತು ಅರ್ಧ ಹೇಳಿದ್ದ. ಅಷ್ಟರಲ್ಲಿ ಅಭಿಮಾನಿಯೊಬ್ಬ ಟವೆಲ್ಲು, ಕಾಯಿ ಹಿಡಿದು ಆಯೇರಿ ಮಾಡಲು ರಂಗವೇರಿದ. ಕೊಡುಗೆ ತಂದವನನ್ನು ಕಾಯಿಸುವ ರೂಢಿ ನಮ್ಮಲ್ಲಿಲ್ಲ. ಮೃತಪ್ರಾಯನಾದ ರಾಜ ಎದ್ದ, ಟವೆಲ್ಲು ಹೆಗಲಿಗೆ ಹಾಕಿಸಿಕೊಂಡ, ಕೈಮುಗಿದ, ಊಟವಾಯಿತೇ ಎಂದು ವಿಚಾರಿಸಿದ, ಮೊದಲಿನ ಜಾಗದಲ್ಲೇ ಅಂಗಾತ ಮಲಗಿ ಉಳಿದರ್ಧ ಮಾತು ಹೇಳಿ ಪ್ರಾಣಬಿಟ್ಟ. ಜನ ಗಳಗಳನೆ ಅತ್ತರು. ಟವೆಲ್ಲು ಕೊಟ್ಟವನು ಎಲ್ಲರಿಗಿಂತ ಜೋರಾಗಿ ಅತ್ತ. ಇಂಥ ಪರಂಪರೆಯಲ್ಲಿ ಹುಟ್ಟಿದವನು ನಾನು, ನಾನೇಕೆ ಒಂದು ಗೋಡೆ ಒಡೆಯಬಾರದು?

ಓದುಗ ಮಿತ್ರರೇ, ಉನ್ಮಾದವೆಂಬುದು ಹೀಗೆಯೇ ಶುರುವಾಗುತ್ತದೆ. ಆ ವಾರವೇ ನಾನು ಗಜೇಂದ್ರಗಡಕ್ಕೆ ಹೋಗಿ, ಖಾಲಿ ಡಬ್ಬಿಗಳ ನಡುವೆ ಕೂತಿದ್ದ ಮೌಲಾನಿಗೆ, ನಾವಿಬ್ಬರೂ ಸೇರಿ ಒಂದು ಚಿತ್ರಕಥೆ ಮಾಡೋಣ, ಮೊದಲೂ ಕೊನೆಯೂ ಇರುವಂಥದು ಎಂದೆ. ಅವನು ಒಂದು ಡಬ್ಬಿ ಎತ್ತಿ, ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಆಮೇಲೆ, ಮೂವತ್ತು ವರ್ಷ ತನ್ನ ಕೆಲಸವೆಲ್ಲ ಬೀದಿಯಲ್ಲಿ, ಬಿಸಿಲಲ್ಲಿ ನಿಂತಿತು, ಮಂದಿಯ ಮನೆಯೊಳಗೆ ಹೋಗುವ ಕೆಲಸ ಇದೊಂದೇ ಎಂದ. ಇದಾದ ಮೇಲೆ ಬ್ರಷ್ಷು ತೊಳೆದಿಡುವುದಾಗಿ ಮನೆಯಲ್ಲೂ ಹೇಳಿದನಂತೆ. ಆ ಮಾತಿನ ತೂಕ ನನಗೆ ಆಗಲೇ ಗೊತ್ತಾಗಬೇಕಿತ್ತು. ನಾನು ಮುನ್ನುಡಿಯ ಮೊದಲ ವಾಕ್ಯವನ್ನು ಯೋಚಿಸುತ್ತಿದ್ದೆ.

ನಮ್ಮ ಕಥಾನಾಯಕ ಕೌದಿವೀರ. ಗಜೇಂದ್ರಗಡದ ಗುಡ್ಡದ ಮೇಲೆ, ತಿರುಗುವ ಗಾಳಿಯಂತ್ರಗಳ ಕೆಳಗೆ ಅವನ ವಾಸ. ಹೆಗಲ ಮೇಲೆ ಅಜ್ಜಿ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ. ಪರದೇಶದ ವೀರರ ರೇಷ್ಮೆಯ ಮೇಲುಹೊದಿಕೆಯಂತೆ ಅದು ಪಟಪಟಿಸುವುದಿಲ್ಲ, ಅದರ ಭಾರಕ್ಕೆ ಗಾಳಿಯಿಲ್ಲದ ದಿನ ಅವನು ಹಾರುವುದೂ ಇಲ್ಲ, ಬಸ್ಸಿಗೆ ಹೋಗುತ್ತಾನೆ. ಅವನ ವೈರಿ ಅಳಿಸಾಸುರ, ಬಸ್ಸುಗಳ ಬೋರ್ಡಿನಿಂದ ಊರ ಹೆಸರುಗಳನ್ನು ಅಳಿಸುವ ಮುಸುಕುಧಾರಿ. ಅವನ ಕಾಟಕ್ಕೆ ರೋಣಕ್ಕೆ ಹೊರಟವರು ನರಗುಂದದಲ್ಲಿ ಇಳಿದರು. ನರೇಗಲ್ಲಿಗೆ ಹೋಗಬೇಕಿದ್ದ ದಿಬ್ಬಣ ಸವಡಿಯ ಯಾರದೋ ಲಗ್ನದಲ್ಲಿ ಉಂಡು, ಅಕ್ಕಿಕಾಳು ಹಾಕಿ, ಹರಸಿ, ಹೊರಗೆ ಬಂದ ಮೇಲೆ ತಮ್ಮ ವರ ತಮ್ಮೊಂದಿಗೇ ಇದ್ದಾನೆಂದು ನೆನಪಿಸಿಕೊಂಡಿತು. ಮುಸುಕಿನೊಳಗಿನ ಮುಖ ಯಾರದೆಂದು ನಾನೇ ನಿರ್ಧರಿಸಿರಲಿಲ್ಲ. ಕೊನೆಯ ಎಂಟು ಪುಟದಲ್ಲಿ ಮುಸುಕು ಕೀಳಬೇಕು, ಮುಖದ ಚಿತ್ರ ಹೇಗೆ ತೆಗೆಯಲಿ ಎಂದು ಮೌಲಾ ಪ್ರತಿ ಭಾನುವಾರ ಕೇಳುತ್ತಿದ್ದ. ನೋಡೋಣ ಎನ್ನುತ್ತಿದ್ದೆ.

ಮೌಲಾನ ಕಾರ್ಯವಿಧಾನ ನೋಡುವಂಥದು. ಮಾತಿನ ಗುಳ್ಳೆ ಎಂಬುದು ಅವನಿಗೆ ಒಗ್ಗಲಿಲ್ಲ. ಪಾತ್ರಗಳ ಬಾಯಿಯ ಪಕ್ಕದಲ್ಲಿ ಚೌಕಟ್ಟು, ಮೊಳೆ, ದಾರ ಸಮೇತ ಒಂದೊಂದು ಬೋರ್ಡು ತೂಗುಹಾಕಿ ಅದರಲ್ಲಿ ಮಾತು ಬರೆದ. ಕೂಗಿದರೆ ಅಕ್ಷರಕ್ಕೆ ಕೆಂಪು ನೆರಳು, ಪಿಸುಗುಟ್ಟಿದರೆ ಹಳದಿ. ನಾನಂತೂ ಗೋಡೆ ಒಡೆಯುವ ಸಂಭ್ರಮದಲ್ಲಿ ಮೂರು ಪುಟಕ್ಕೊಮ್ಮೆ ಕೌದಿವೀರನನ್ನು ಓದುಗರತ್ತ ತಿರುಗಿಸಿ, 'ಹೇ ಸಹೃದಯ ವಾಚಕನೇ, ಮಸಿಯ ಮಾಯೆಯಾದ ನಾನು ನಿನ್ನ ನೇತ್ರದ್ವಯದಲ್ಲಿ ಮಾತ್ರ ಜೀವಂತನು' ಎಂಬಂಥ ಮಾತುಗಳನ್ನಾಡಿಸಿದ್ದೆ. ಇವನು ಯಾರೊಂದಿಗೆ ಮಾತಾಡುತ್ತಿದ್ದಾನೆ ಎಂದು ಮೌಲಾ ಕೇಳಿದ. ಓದುವವರೊಂದಿಗೆ ಎಂದೆ. ಅವರು ಎಲ್ಲಿ ನಿಂತಿದ್ದಾರೆ ಎಂದ. ಅವನು ಪುಟವನ್ನು ಅಂಗಡಿಯ ಬಾಗಿಲಿಗೆ ಸಿಕ್ಕಿಸಿ, ಕೈಯೆತ್ತಿ ಬರುತ್ತಿದ್ದ ಟ್ರ್ಯಾಕ್ಟರನ್ನು ನಿಲ್ಲಿಸಿ, ರಸ್ತೆ ದಾಟಿ ಆಚೆ ನಿಂತು ಬಹಳ ಹೊತ್ತು ನೋಡಿದ. ಬೋರ್ಡು ಬರೆಯುವವನು ದಿನಕ್ಕೆ ಹತ್ತು ಸಲ ಓದುವವನ ಜಾಗದಲ್ಲಿ ಹೋಗಿ ನಿಲ್ಲಲೇಬೇಕಂತೆ. ಬಂದವನೇ ವೀರನ ಕಣ್ಣುಗಳನ್ನು ಕೂದಲೆಳೆಯಷ್ಟು ಸರಿಸಿ ತಿದ್ದಿದ. ಆಮೇಲೆ ಅಂಗಡಿಯ ಯಾವ ಮೂಲೆಗೆ ಹೋದರೂ ಕೌದಿವೀರ ನನ್ನನ್ನೇ ನೋಡತೊಡಗಿದ.

ಮೂವತ್ತೆರಡು ಪುಟಗಳಾದವು. ಅವುಗಳನ್ನು ರೋಣಕ್ಕೆ ತಂದು, ಹಿತ್ತಲಲ್ಲಿ ಹರಡಿ ನೋಡಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು: ಪ್ರತಿ ಪುಟದ ಪ್ರತಿ ಚೌಕದ ಬಲಮೂಲೆಯಲ್ಲಿ 'ಮೌಲಾ ಪೇಂಟರ್'. ಅವನಿಗೆ ಪ್ರತಿ ಚೌಕವೂ ಒಂದು ಬೋರ್ಡು; ಬೋರ್ಡು ಮುಗಿದರೆ ಮೂಲೆಯಲ್ಲಿ ಹೆಸರು ಬೀಳಲೇಬೇಕು, ಅದು ಕೈಯ ರೂಢಿ. ಕೌದಿವೀರ ಮುಗಿಲಲ್ಲಿ ಹಾರುತ್ತಿದ್ದರೆ ಮೋಡದ ಅಂಚಿನಲ್ಲಿ ಮೌಲಾ ಪೇಂಟರ್. ಅಳಿಸಾಸುರ ಕತ್ತಲ ಗುಹೆಯಲ್ಲಿ ಗಹಗಹಿಸಿದರೆ ಗುಹೆಯ ಬಂಡೆಯ ಮೇಲೆ ಮೌಲಾ ಪೇಂಟರ್. ಅಜ್ಜಿ ಕಣ್ಣೊರೆಸಿಕೊಳ್ಳುವ, ನಾನು ಬರೆಯುತ್ತ ಸ್ವತಃ ಅತ್ತ ಚೌಕದಲ್ಲಿ, ಅಜ್ಜಿಯ ಮೊಣಕೈಗೆ ತಾಗಿದಂತೆ ಮೌಲಾ ಪೇಂಟರ್. ಮೊದಲನೆಯ ಚೌಕದಲ್ಲಂತೂ ಮೊಬೈಲ್ ಸಂಖ್ಯೆಯೂ ಇತ್ತು.

ನನ್ನೊಳಗಿನ ಪಂಡಿತ ಎದ್ದು ಕೂತ. ಇದರಿಂದ ರಸಭಂಗವಾಗುತ್ತದೆ, ಕಥಾಲೋಕದ ಭ್ರಮೆ ಹರಿಯುತ್ತದೆ ಎಂದಿತು ಆ ಪ್ರಾಣಿ. ಭ್ರಮೆಯನ್ನು ಹರಿಯಲೆಂದೇ ನಾನು ಹೊರಟವನು ಎಂಬುದು ಅದಕ್ಕೂ ಮರೆತಿತ್ತು. ಕಾಲೇಜಿನ ವೈಟ್ನರ್ ಬಾಟಲಿಗಳನ್ನು ತಂದು, ಶನಿವಾರ ಮಧ್ಯಾಹ್ನವಿಡೀ ಕೂತು, ಒಂದೊಂದಾಗಿ ಎಲ್ಲ ಹೆಸರುಗಳನ್ನೂ ಬಿಳಿದು ಮಾಡಿದೆ. ಎಮ್ಮೆ ನೋಡುತ್ತಿತ್ತು. ಅದು ಸಾಕ್ಷಿ ಹೇಳಲಾರದೆಂಬ ಧೈರ್ಯ ನನಗೆ. ಎರಡನೆಯ ಪುಟದಲ್ಲಿ 'ಚಿತ್ರಗಳು: ಮೌಲಾ' ಎಂದು ಸಣ್ಣಕ್ಷರದಲ್ಲಿ ಹೇಗೂ ಇರುತ್ತದೆ, ಅಷ್ಟು ಸಾಕು ಎಂದುಕೊಂಡೆ. ನನ್ನ ಹೆಸರು ಎಲ್ಲೆಲ್ಲಿತ್ತು ಎಂದು ನೀವು ಕೇಳುವುದಿಲ್ಲವೆಂದು ಭಾವಿಸಿದ್ದೆ. ಕೇಳಿದ್ದರಿಂದ ಹೇಳುತ್ತೇನೆ: ಹೊದಿಕೆಯ ಮೇಲೆ ಪದವಿ ಸಮೇತ ದಪ್ಪಕ್ಷರದಲ್ಲಿ, ಬೆನ್ನಿನ ಮೇಲೆ, ಒಳಪುಟದಲ್ಲಿ, ಆರು ಪುಟದ ಮುನ್ನುಡಿಯ ತುದಿಯಲ್ಲಿ, ಹಿಂದಿನ ಹೊದಿಕೆಯಲ್ಲಿ ಕೆನ್ನೆಗೆ ಕೈಯಾನಿಸಿದ ಭಾವಚಿತ್ರದ ಕೆಳಗೆ.

ಮುದ್ರಣಕ್ಕೆ ನರಗುಂದದ ಒಂದು ಸಣ್ಣ ಛಾಪಖಾನೆಯನ್ನು ಹಿಡಿದಿದ್ದೆವು. ಕರಡಚ್ಚು ನೋಡಲು ಮೌಲಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮೊದಲ ಪುಟ ತೆರೆದ. ಚಿತ್ರ ನೋಡಲಿಲ್ಲ, ಮೂಲೆ ನೋಡಿದ. ಎರಡನೆಯ ಪುಟ, ಮೂಲೆ. ಬಿಳಿಯ ಕಲೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಉಜ್ಜಿದ. ನಾನು ರಸ, ಭ್ರಮೆ, ಔಚಿತ್ಯ ಇತ್ಯಾದಿಗಳ ಬಗ್ಗೆ ತರಗತಿಯ ದನಿಯಲ್ಲಿ ಏನೇನೋ ಹೇಳಿದೆ. ಪ್ರತಿಭಾವಂತನಾದವನು ಹೆಸರಿಗಾಗಿ ಹಂಬಲಿಸಬಾರದು ಎಂದೂ ಹೇಳಿದೆ. ಅವನು ಎಲ್ಲವನ್ನೂ ಕೇಳಿ, ಪುಟಗಳನ್ನು ಜೋಡಿಸಿ ಮೇಜಿನ ಮೇಲಿಟ್ಟ.

"ಬೋರ್ಡಿನ ಮ್ಯಾಲೆ ಹೆಸರ ಹಾಕೂದು ಹೊಗಳಿಸ್ಕೊಳ್ಳಾಕ ಅಂತ ತಿಳಿದಿಯೇನೋ ಮಾಸ್ತರ? ಬೈಸ್ಕೊಳ್ಳಾಕಪಾ. ನಾಳೆ ಬಣ್ಣ ಉದುರಿದ್ರ, ಅಕ್ಷರ ತಪ್ಪಿದ್ರ, ಯಾರನ್ನ ಹುಡಿಕ್ಕೊಂಡು ಬರಬೇಕು ಅಂತ ಮಂದಿಗೆ ಗೊತ್ತಿರಬೇಕು. ಹೆಸರ ಇಲ್ಲದ ಬೋರ್ಡ್ ಬರದವ ಓಡಿಹೋದವ." ಬಾಗಿಲ ತನಕ ಹೋಗಿ ಇನ್ನೊಂದು ಮಾತು ಹೇಳಿದ: "ಉಳಿದ ಎಂಟು ಪುಟ ಫ್ಲೆಕ್ಸಿನ್ಯಾಗ ಮಾಡಿಸಿಬಿಡು."

ನರಗುಂದದಿಂದ ರೋಣಕ್ಕೆ ಬರುವ ದಾರಿ ಅಂದು ಎಷ್ಟು ಉದ್ದವಿತ್ತೆಂದರೆ, ಬಸ್ಸಿನ ಬೋರ್ಡು ಯಾರಾದರೂ ಅಳಿಸಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಿದೆ. ಮನೆಗೆ ಬಂದು ಗಿರಿಜಾಳಿಗೆ ನಡೆದುದನ್ನು, ನನ್ನ ತಪ್ಪು ಆದಷ್ಟು ಕಡಿಮೆ ಕಾಣುವಂತೆ, ನಿರೂಪಿಸಿದೆ. ಅವಳು ಸಜ್ಜಕ ತಿರುವುತ್ತಿದ್ದ ಸೌಟು ನಿಲ್ಲಿಸಲಿಲ್ಲ. "ಅಳಿಸಾಸುರನ ಮಾರಿ ಹ್ಯಾಂಗ ತೆಗೀಲಿ ಅಂತ ಮೌಲಾ ಅಣ್ಣ ಕೇಳ್ತಿದ್ರಲ್ಲ," ಎಂದಳು, "ಇನ್ನ ಕೇಳೂ ಕೆಲಸ ಇಲ್ಲ ಬಿಡ್ರಿ."

ನಾನು ಸಜ್ಜಕ ತಿನ್ನಲಿಲ್ಲ. ಮೂವತ್ತೆರಡು ಪುಟದುದ್ದಕ್ಕೂ ಹೆಸರು ಅಳಿಸುವವನೇ ಖಳನಾಯಕ ಎಂದು ಬರೆದವನು ನಾನು. ಬಾಟಲಿ ಹಿಡಿದು ಕೂತು ಹೆಸರು ಅಳಿಸಿದವನೂ ನಾನು. ಇವೆರಡನ್ನೂ ಕೂಡಿಸಿ ನೋಡಲು ಅಡುಗೆಮನೆಯಿಂದ ಸೂಚನೆ ಬರಬೇಕಾಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮೌಲಾ ಹೀಗೇ ಬ್ರಷ್ಷು ತೊಳೆದಿಟ್ಟರೆ, ಅವನ ಕೊನೆಯ ಕೆಲಸದ ಮೇಲೆ ಉಳಿಯುವುದು ನನ್ನ ವೈಟ್ನರ್.

ಫೋನು ಮಾಡಿದೆ, ಎತ್ತಲಿಲ್ಲ. ಗಜೇಂದ್ರಗಡಕ್ಕೆ ಹೋದೆ; ಲಕ್ಕಲಕಟ್ಟಿಯಲ್ಲಿ ಗಿರಣಿಯೊಂದರ ಹಳೆಯ ಬೋರ್ಡು ತಿದ್ದಲು ಹೋಗಿದ್ದಾನೆಂದು ಅವನ ಹೆಂಡತಿ ಚಹಾ ಕೊಟ್ಟು ಹೇಳಿದರು. ಅಲ್ಲಿಗೂ ಹೋದೆ. ಏಣಿಯ ಮೇಲಿದ್ದವನು ತಿರುಗಿ ನೋಡಲಿಲ್ಲ. ಮೂವತ್ತೈದು ವರ್ಷದ ಗೆಳೆತನದಲ್ಲಿ ನಾನೊಂದನ್ನು ಕಲಿತಿದ್ದೆ: ಏಣಿಯಿಂದ ಇಳಿದ ಮೇಲೆ ಅವನು ರಸ್ತೆ ದಾಟಿ ಬಂದೇ ಬರುತ್ತಾನೆ. ಆಚೆ ಬದಿಯ ಬಿಸಿಲಲ್ಲಿ, ಅವನು ನಿಲ್ಲುವ ಜಾಗದಲ್ಲೇ ಹೋಗಿ ನಿಂತೆ. ಅವನಿಗೆ ಬೇರೆ ದಾರಿಯಿರಲಿಲ್ಲ. ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಬೋರ್ಡು ನೋಡಿದೆವು. ನನ್ನನ್ನಲ್ಲ, ಗಾಳಿಯನ್ನು ಕೇಳುವವನಂತೆ, ಗಿರಣಿಯ ಕೊನೆಯ ಅಕ್ಷರ ಕೊಂಚ ಓರೆಯಾಗಿದೆಯೇ ಎಂದ. ಆಗಿದೆ ಎಂದೆ. ಅವನು ತಲೆಯಾಡಿಸಿ ವಾಪಸು ಹೋಗಿ ಏಣಿ ಹತ್ತಿದ. ಅಷ್ಟೇ ಮಾತು. ಆದರೆ ಬಸ್ಸಿನಲ್ಲಿ ಕೂತಾಗ ನನಗೆ ಅರ್ಥವಾಯಿತು, ತಪ್ಪು ಹೇಳುವವನು ಎದುರಿಗೆ ನಿಂತಿದ್ದರೆ ಅವನು ತಿದ್ದಲು ಬೇಸರಿಸುವವನಲ್ಲ. ನನಗೂ ಅದೇ ದಾರಿ ಉಳಿದಿತ್ತು.

ಮನೆಗೆ ಬಂದು ಕೊನೆಯ ಎಂಟು ಪುಟಗಳನ್ನು ಬರೆದೆ. ಈ ಸಲ ಸಹೃದಯ ವಾಚಕ, ನೇತ್ರದ್ವಯ ಯಾವುದೂ ಇಲ್ಲ. ಅಳಿಸಾಸುರನನ್ನು ಅಟ್ಟಿಸಿಕೊಂಡು ಓಡುವ ಕೌದಿವೀರ ಚೌಕದ ಮೂಲೆಯ ಬಿಳಿಕಲೆಯೊಂದರಲ್ಲಿ ಕಾಲಿಟ್ಟು ಮುಗ್ಗರಿಸುತ್ತಾನೆ. ಇದೇನೆಂದು ಹಿಂದಿನ ಪುಟಗಳಿಗೆ ಹೋಗಿ ನೋಡುತ್ತಾನೆ. ಎಲ್ಲ ಮೂಲೆಯಲ್ಲೂ ಅದೇ ಕಲೆ. ಆಗ ನಮ್ಮ ಕಡೆ ತಿರುಗಿ, 'ಇಲ್ಲೊಬ್ಬನ ಹೆಸರಿತ್ತು, ಯಾರು ಅಳಿಸಿದರು, ನೀವು ನೋಡಿದಿರೇನು?' ಎಂದು ಕೇಳುತ್ತಾನೆ. ಮುಸುಕು ಕೀಳುತ್ತಾನೆ. ಒಳಗಿರುವವನು ಈ ಕತೆಯನ್ನು ಬರೆದವನು; ಕೂತಿರುವುದು ನಮ್ಮ ಹಿತ್ತಲಲ್ಲಿ, ಎಮ್ಮೆಯೆದುರು. ಅವನ ಕೈಗೆ ಸಣ್ಣ ಬ್ರಷ್ಷು ಕೊಟ್ಟು, ಅಳಿಸಿದ್ದನ್ನೆಲ್ಲ ತಿರುಗಿ ಬರೆಯಲು ಕೂರಿಸುತ್ತಾನೆ. ಇದನ್ನು ಸುರುಳಿ ಸುತ್ತಿ, ಮೊದಲ ಮೂವತ್ತೆರಡು ಪುಟದ ಕಲೆಗಳನ್ನು ಹಾಗೆಯೇ ಬಿಟ್ಟು ಅಚ್ಚು ಹಾಕಿಸುವುದಾಗಿ ಒಂದು ಚೀಟಿ ಬರೆದು, ಗಜೇಂದ್ರಗಡದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿದೆ. ತಪ್ಪಾಯಿತು ಎಂಬ ಮಾತನ್ನೂ ಬರೆದಿದ್ದೆ. ಅದನ್ನು ಬರೆಯಲು ಎಂಟು ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಹನ್ನೊಂದು ದಿನ ಯಾವ ಸುದ್ದಿಯೂ ಇಲ್ಲ. ಹನ್ನೆರಡನೆಯ ದಿನ ಅದೇ ಕಂಡಕ್ಟರು ನನ್ನನ್ನು ಕರೆದು, ಸುರುಳಿಯೊಂದನ್ನು ಕೊಟ್ಟು, ನನ್ನ ಮುಖವನ್ನೇ ನೋಡುತ್ತ ತುಟಿ ಬಿಗಿಹಿಡಿದು ನಿಂತರು. ದಾರಿಯಲ್ಲಿ ಬಿಚ್ಚಿ ನೋಡಿದ್ದರೆಂದು ಆಮೇಲೆ ತಿಳಿಯಿತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತೆರೆದೆ. ಮುಸುಕು ಕಿತ್ತ ಚೌಕಕ್ಕೆ ಮೌಲಾ ಇಡೀ ಒಂದು ಪುಟ ಕೊಟ್ಟಿದ್ದ. ನಾನು ಸಾಕ್ಷಾತ್ತಾಗಿ ಅಲ್ಲಿದ್ದೆ: ಎಡಗಿವಿಯಿಂದ ಬಲಗಿವಿಗೆ ಸೇತುವೆ ಕಟ್ಟಿದ ಹನ್ನೆರಡು ಕೂದಲು, ಮೂಗಿನ ತುದಿಗೆ ಜಾರಿದ ಚಾಳೀಸು, ಕೆನ್ನೆಗೆ ಕೈಯಾನಿಸಿದ ಅದೇ ಭಾವಚಿತ್ರದ ಭಂಗಿ, ಇನ್ನೊಂದು ಕೈಯಲ್ಲಿ ವೈಟ್ನರ್. ಬಲಮೂಲೆಯಲ್ಲಿ ಹೆಸರಿನ ಬದಲು ಮೌಲಾನೇ ಬರೆದ ಒಂದು ಬಿಳಿಕಲೆ. ಹಿಂಬದಿಯಲ್ಲಿ ಬಿದ್ದ ಗೋಡೆ, ಅದರಾಚೆ ಎಮ್ಮೆ. ಎಮ್ಮೆಯ ಪಕ್ಕದಲ್ಲೊಂದು ಬೋರ್ಡು ತೂಗುತ್ತಿತ್ತು, ಅದರಲ್ಲಿ 'ನಾ ನೋಡೀನಿ' ಎಂದಿತ್ತು. ಈ ಮಾತು ನನ್ನ ಹಸ್ತಪ್ರತಿಯಲ್ಲಿರಲಿಲ್ಲ. ಮೌಲಾ ತಾನಾಗಿ ಬರೆದಿದ್ದ. ಅಷ್ಟು ಜನರ ನಡುವೆ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ನಕ್ಕದ್ದಕ್ಕೆ ಬಂದ ನೀರು ಯಾವುದು, ಬೇರೆಯದಕ್ಕೆ ಬಂದದ್ದು ಯಾವುದು ಎಂದು ವಿಂಗಡಿಸಲು ಹೋಗಲಿಲ್ಲ.

ಕೊನೆಯ ಚೌಕದ ಬಲಮೂಲೆಯಲ್ಲಿ 'ಮೌಲಾ ಪೇಂಟರ್' ಇತ್ತು. ಅದರ ಪಕ್ಕ ಖಾಲಿ ಬಿಟ್ಟ ಜಾಗದಲ್ಲಿ ಪೆನ್ಸಿಲಿನಿಂದ ನನಗೊಂದು ಸೂಚನೆ: "ಇಲ್ಲಿ ನಿನ್ನ ಸಹಿ. ಕತಿ ಕೆಟ್ಟಿದ್ರ ನನ್ನೊಬ್ಬನ್ನ ಯಾಕ ಬೈಬೇಕು?" ಸಹಿ ಮಾಡಿದೆ. ಮುನ್ನುಡಿ ತೆಗೆದುಹಾಕಿದೆ, ಕೆನ್ನೆಯ ಭಾವಚಿತ್ರವನ್ನೂ, ಅದರ ಸುಧಾರಿತ ಆವೃತ್ತಿ ಒಳಗೇ ಇರುವುದರಿಂದ. ಪುಸ್ತಕ ಹೊರಬಂದ ಮೇಲೆ ಮೊದಲ ಚೌಕದ ಬಿಳಿಕಲೆಯಡಿಯಲ್ಲಿ ಮೊಬೈಲ್ ಸಂಖ್ಯೆ ಮಸುಕಾಗಿ ಕಾಣಿಸುತ್ತದೆಂದು ಕಂಡುಹಿಡಿದ ಸವಡಿಯ ಯಾರೋ ಮೌಲಾನಿಗೆ ಫೋನು ಮಾಡಿ, ಹತ್ತೊಂಬತ್ತನೆಯ ಪುಟದಲ್ಲಿ ಕೌದಿವೀರನ ಎಡಗೈಗೆ ಆರು ಬೆರಳಿವೆ ಎಂದು ಅರ್ಧ ತಾಸು ಬೈದರಂತೆ. ಅದನ್ನು ಹೇಳಲು ಮೌಲಾ ನನಗೆ ತಾನಾಗಿ ಫೋನು ಮಾಡಿದ. ಅವನ ದನಿ ಸಾಲಿಯ ದಿನಗಳದಾಗಿತ್ತು. ಬ್ರಷ್ಷು ತೊಳೆದಿಡುವ ಮಾತು ಎತ್ತಲಿಲ್ಲ. ಎರಡನೆಯ ಪುಸ್ತಕದಲ್ಲಿ ಆ ಆರನೆಯ ಬೆರಳಿಗೆ ಏನಾದರೂ ಕಾರಣ ಕೊಡಲು ಬರುತ್ತದೆಯೇ ಎಂದು ಕೇಳಿದ.

ಮೊನ್ನೆ ನರೇಗಲ್ಲಿನಲ್ಲಿ ಬಸ್ಸು ನಿಂತಾಗ ಎಂದಿನಂತೆ ಮಿರ್ಚಿ ಕೊಂಡು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೂಲಿ ಮುಗಿಸಿ ಹೊರಟಿದ್ದ ಒಬ್ಬ ಅಜ್ಜಿ, ತನ್ನ ಮಿರ್ಚಿ ಮುಗಿಸಿ, ಕಾಗದವನ್ನು ಮೊಣಕಾಲ ಮೇಲೆ ಹರಡಿ, ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು. ನನ್ನ ಪಂಥದವಳು ಎಂದು ಪ್ರೀತಿ ಉಕ್ಕಿತು. ಅವಳು ಓದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕಾಗದ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಬಗ್ಗಿ ನೋಡಿದರೆ ನಮ್ಮ ಛಾಪಖಾನೆಯಿಂದ ರದ್ದಿಗೆ ಹೋದ ಹಾಳೆ. ಮುಸುಕು ಕಿತ್ತ ಪುಟ, ಮೇಲೆ 'ಹೆಸರು ಅಳಿಸಿದವನು ಇವನೇ' ಎಂಬ ಕೌದಿವೀರನ ಬೋರ್ಡು. ಎಣ್ಣೆ ಕುಡಿದ ನನ್ನ ಮುಖ ಇನ್ನಷ್ಟು ಹೊಳೆಯುತ್ತಿತ್ತು.

"ಇವ ನೀನಽ ಅಲ್ಲೇನೋ ಯಪ್ಪಾ?" ಎಂದಳು.

ನಾನೇ ಎಂದೆ. ಬೇರೆ ಹೇಳೋಣವೆಂದರೆ ಎಮ್ಮೆ ಸಾಕ್ಷಿಯಾಗಿ ಪುಟದಲ್ಲೇ ನಿಂತಿತ್ತು. ಯಾರದೋ ಹೆಸರು ಅಳಿಸಿದ್ದೆಯಂತಲ್ಲ ಎಂದಳು, ಹೌದೆಂದೆ. ಅವಳು ಕಾಗದ ಮಗುಚಿ ಹಾಕಿ ಹಿಂದೆ ನೋಡಿದಳು, ಅಲ್ಲಿ ಏನೂ ಅಚ್ಚಾಗಿರಲಿಲ್ಲ. ಕೊನೆಯ ಪುಟ ಯಾರ ಮಿರ್ಚಿಗೆ ಹೋಯಿತೋ. "ಮತ್ತ ತಿರುಗಿ ಬರದುಕೊಟ್ಟಿಯಿಲ್ಲೋ?" ಎಂದು ಕೇಳಿದಳು.

ಮೊದಲಿಲ್ಲದ, ಕೊನೆಯಿಲ್ಲದ ಪುಟಗಳನ್ನು ಓದಿ ಬೆಳೆದವನಿಗೆ ಕೊನೆ ಹೇಳುವ ಭಾಗ್ಯ ಹೀಗೆ ಬರುತ್ತದೆಂದು ಯಾರು ಎಣಿಸಿದ್ದರು? ಬರೆದುಕೊಟ್ಟೆ ಎಂದು ಕತೆಯ ತುದಿಯನ್ನು ಪೂರ್ತಿ ಹೇಳಿದೆ. ಅವಳು ಕೇಳಿಸಿಕೊಂಡಳು, ನಂಬಲಿಲ್ಲ. ಕಾಗದವನ್ನು ನನ್ನ ಮುಂದೆ ಹಿಡಿದು, ಬಲಮೂಲೆಯ ಬಿಳಿಕಲೆಯ ಮೇಲೆ ಬೆರಳಿಟ್ಟಳು. ಕಿಸೆಯಿಂದ ಪೆನ್ನು ತೆಗೆದೆ. ಎಣ್ಣೆಯ ಮೇಲೆ ಪೆನ್ನು ಓಡಲಿಲ್ಲ, ಜಾರಿತು; ಮತ್ತೆ ಒತ್ತಿ, ಎರಡೆರಡು ಸಲ ತಿದ್ದಿ, 'ಮೌಲಾ ಪೇಂಟರ್' ಎಂದು ಬರೆದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಅದನ್ನು ಜೋರಾಗಿ ಓದಿದಳು, ಕಾಗದವನ್ನು ನಾಲ್ಕಾಗಿ ಮಡಚಿ ಬುತ್ತಿಯ ಚೀಲದೊಳಗೆ ಇಟ್ಟುಕೊಂಡಳು, ಇನ್ನು ಮೇಲೆ ಹಾಗೆ ಮಾಡಬೇಡ ಎಂದಳು. ಮಾಡುವುದಿಲ್ಲ ಎಂದೆ. ಬಸ್ಸು ಹೊರಟಿತು. ಗಜೇಂದ್ರಗಡ ಮುಟ್ಟಿದ ಮೇಲೆ ನೋಡಿದರೆ ನನ್ನ ಮಿರ್ಚಿಯ ಕಾಗದ ಕೈಯಲ್ಲೇ ಇತ್ತು. ಅದರಲ್ಲಿ ಏನು ಬರೆದಿದೆಯೆಂದು ನಾನು ಓದಿರಲಿಲ್ಲ.